ಆಕಾಶ ಬರೆದವರನ್ನು ಬಿಟ್ಟ ಪುಸ್ತಕಕ್ಕೆ ಬಹುಮಾನ

ಕಲಾವಿದರ ಜೀವನಚರಿತ್ರೆ ಮಾಲೆಯ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಈ ವರ್ಷದ ಅತ್ಯುತ್ತಮ ಕೃತಿಯೆಂದು ತಮ್ಮ ಸಮಿತಿ ಆರಿಸಿರುವ ಪುಸ್ತಕದಲ್ಲಿ ಒಂದು ದೊಡ್ಡ ಸುಳ್ಳಿದೆ. ನನಗೆ ಹೇಗೆ ಗೊತ್ತೆಂದರೆ, ಆ ಪುಸ್ತಕ ಬರೆದವನು ನಾನೇ. ಬಹುಮಾನ ಬಂದವನು ತೆಪ್ಪಗೆ ವೇದಿಕೆ ಹತ್ತುವುದು ಬಿಟ್ಟು ಪತ್ರಿಕೆಯಲ್ಲಿ ಹೀಗೆ ಬಹಿರಂಗ ಪತ್ರ ಬರೆಯುತ್ತಾನೆಂದರೆ ಅವನಿಗೆ ತಲೆ ಕೆಟ್ಟಿದೆ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಅಂದಾರು. ಅನ್ನಲಿ, ನಾನು ಅಡ್ಡ ಮಾತಾಡುವುದಿಲ್ಲ.

ಪುಸ್ತಕ ಇರುವುದು ನಾಟಕದ ಪರದೆಗಳನ್ನು ಬರೆಯುತ್ತಿದ್ದ ಒಬ್ಬ ಚಿತ್ರಗಾರರ ಬಗ್ಗೆ. ಎಲ್ಲರ ಬಾಯಲ್ಲೂ ಅವರು ಪರದೆ ಮಾಸ್ತರರು. ಅರಮನೆಯೋ ಸೆರೆಮನೆಯೋ, ನಾಟಕಕ್ಕೆ ಏನು ಬೇಕೋ ಅದನ್ನು ಇಪ್ಪತ್ತಡಿ ಬಟ್ಟೆಯ ಮೇಲೆ ನಿಲ್ಲಿಸುತ್ತಿದ್ದರು. ಒಂದೂವರೆ ವರ್ಷ ವಾರಕ್ಕೆರಡು ಸಲ ಹೋಗಿ ಅವರ ಮಾತು ರೆಕಾರ್ಡ್ ಮಾಡಿಕೊಂಡೆ. ಮೊದಲ ದಿನವೇ ಅವರು ಹೇಳಿದರು: "ನೋಡಿ, ಕಂಬ, ಗೋಡೆ, ಮೆಟ್ಟಿಲು ಎಲ್ಲಾ ನಂದು. ಆಕಾಶ ಮಾತ್ರ ಅಕ್ಕಂದು. ನನಗೆ ಮೋಡ ಬರಲ್ಲ. ನಾನು ಬರೆದ್ರೆ ಹತ್ತಿ ಮೂಟೆ ಥರ ಇರುತ್ತೆ."

ಅಕ್ಕ ಅಲ್ಲೇ ಕೂತಿದ್ದರು, ತಮ್ಮನಿಗಿಂತ ಐದು ವರ್ಷ ದೊಡ್ಡವರು. ಆಕಾಶ ಬರೆಯುವುದು ಹುಡುಗಾಟವಲ್ಲ ಎಂದು ನನಗೆ ತಿಳಿದದ್ದು ಅವರಿಂದ. ಬಟ್ಟೆಯನ್ನು ನೆಲಕ್ಕೆ ಹಾಸಿ, ಅಂಟು ಬೆರೆಸಿದ ಬಣ್ಣ ಹಸಿಯಾಗಿರುವಾಗಲೇ ಒಂದನ್ನು ಇನ್ನೊಂದರೊಳಗೆ ಕರಗಿಸಬೇಕು. ನಡುವೆ ಒಣಗಿದರೆ ಗೆರೆ ಬೀಳುತ್ತದೆ, ಗೆರೆ ಬಿದ್ದ ಆಕಾಶವನ್ನು ಯಾರೂ ತಿದ್ದಲಾರರು. ಆದ್ದರಿಂದ ಅಕ್ಕ ಬರಿಗಾಲಲ್ಲಿ ಬಟ್ಟೆಯ ಮೇಲೆ ಇಳಿದು, ಉದ್ದ ಕೋಲಿನ ಕುಂಚ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದರೆ, ಮುಗಿಯುವವರೆಗೂ ಊಟವಿಲ್ಲ, ಮಾತಿಲ್ಲ. ಮಾಸ್ತರರು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ವಾಪಸ್ಸು ಕಳಿಸುತ್ತಿದ್ದರಂತೆ. "ಮತ್ತೆ ಸಹಿ ಯಾಕೆ ಹಾಕ್ಲಿಲ್ಲ ಅಕ್ಕಾ?" ಎಂದು ಕೇಳಿದ್ದೆ.

"ಸಹಿ ಹಾಕೋದು ಕೆಳಗೆ, ಬಲಗಡೆ ಮೂಲೇಲಿ. ಅಲ್ಲಿರೋದು ಇವನ ಮೆಟ್ಟಿಲು. ಆಕಾಶದ ಮೇಲೆ ಹೆಸರು ಬರೆಯೋಕೆ ನನಗೇನು ಹುಚ್ಚಾ?"

ಇದನ್ನೆಲ್ಲ ಇಪ್ಪತ್ತೆರಡು ಪುಟಗಳ ಒಂದು ಅಧ್ಯಾಯವಾಗಿ ಬರೆದೆ. ತಮ್ಮ ಮಾಲೆಯ ಸಂಪಾದಕರು ಓದಿ ಮೆಚ್ಚಿದರು, ಮೆಚ್ಚಿದ ಮೇಲೆ ಕತ್ತರಿ ತೋರಿಸಿದರು. "ಅಧ್ಯಾಯ ಚೆನ್ನಾಗಿದೆ ಸಾರ್. ಆದ್ರೆ ನಮ್ಮ ನಿಯಮ ನಿಮಗೆ ಗೊತ್ತಲ್ಲ, ಒಂದು ಪುಸ್ತಕಕ್ಕೆ ಒಬ್ಬ ಕಲಾವಿದ. ಮನೆಯವರನ್ನ ಕೃತಜ್ಞತೆ ಪುಟಕ್ಕೆ ಹಾಕಿಬಿಡಿ."

ಈ ನಿಯಮ ಮಾಡಿದ ಪುಣ್ಯಾತ್ಮರು ಯಾರು, ಮಾನ್ಯರೇ? ತಮ್ಮ ಮಾಲೆಯಲ್ಲಿ ನನ್ನದಕ್ಕಿಂತ ಮೊದಲು ಬಂದಿರುವ ಹನ್ನೊಂದು ಪುಸ್ತಕಗಳನ್ನೂ ನಾನು ಓದಿದ್ದೇನೆ. ಹನ್ನೊಂದು ಜನರೂ ಹುಟ್ಟಿದ ಕೂಡಲೇ ಕುಂಚವನ್ನೋ ವಾದ್ಯವನ್ನೋ ಹಿಡಿದವರು, ಸಾಯುವವರೆಗೂ ಒಬ್ಬರೇ ಕೂತು ಸಾಧಿಸಿದವರು. ಬಣ್ಣ ಅರೆದುಕೊಟ್ಟವರು ಒಬ್ಬರೂ ಇಲ್ಲ. ಚಿತ್ರ ನೋಡಿ "ಇದು ಚೆನ್ನಾಗಿಲ್ಲ ಕಣ್ರೀ" ಎಂದ ಹೆಂಡತಿಯೂ ಇಲ್ಲ. ಇಷ್ಟು ಒಂಟಿ ಜನ ಒಂದೇ ಕಪಾಟಿನಲ್ಲಿ ಹೇಗೆ ಸಿಕ್ಕರು ಎಂದು ತಮ್ಮ ಸಮಿತಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲವೇ?

ಆದರೆ ನಿಯಮವನ್ನು ಬೈದು ನಾನು ಕೈತೊಳೆದುಕೊಳ್ಳುವಂತಿಲ್ಲ. ಅಧ್ಯಾಯ ಕಿತ್ತವನು ನಾನು, ಒಂದೇ ಮಧ್ಯಾಹ್ನದಲ್ಲಿ. ಕಿತ್ತ ಮೇಲೆ ಪುಸ್ತಕದಲ್ಲಿ ಆಕಾಶಗಳಿಗೆ ದಿಕ್ಕಿಲ್ಲದಂತಾಯಿತು. ಅವುಗಳನ್ನೂ ಮಾಸ್ತರರ ತಲೆಗೇ ಕಟ್ಟಿ, ಎರಡು ಪುಟ ಹೊಗಳಿ ಬರೆದೆ. ಪುಸ್ತಕ ಅಚ್ಚಿನಲ್ಲಿದ್ದಾಗ ಅವರು ತೀರಿಕೊಂಡರು. ಈಗ ಬಾಯಿಬಿಟ್ಟು ಹೇಳುತ್ತೇನೆ: ಸುದ್ದಿ ಕೇಳಿ ಅತ್ತಿದ್ದೆ, ಆದರೆ ಆ ಎರಡು ಪುಟ ಅವರ ಕಣ್ಣಿಗೆ ಬೀಳುವುದಿಲ್ಲವೆಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಪ್ರಶಸ್ತಿ ಪತ್ರದಲ್ಲಿ ತಾವು ಎತ್ತಿ ಬರೆದಿರುವುದು ಅದೇ ಎರಡು ಪುಟಗಳನ್ನು.

ಕಳೆದ ತಿಂಗಳು ಪುಸ್ತಕ ಹಿಡಿದು ಅಕ್ಕನ ಮನೆಗೆ ಹೋದೆ. ಅವರ ಕಣ್ಣು ಮಂಜಾಗಿದೆ, ಅಚ್ಚಿನ ಅಕ್ಷರ ಕಾಣುವುದಿಲ್ಲ. "ಆಕಾಶದ ವಿಷಯ ಎಲ್ಲಿ ಬರುತ್ತೋ ಅಲ್ಲಿಂದ ಓದಪ್ಪಾ" ಅಂದರು. ಓದಿದೆ. ಮಾಸ್ತರರು ಎಂದಿದ್ದ ಕಡೆಯೆಲ್ಲ ಅಕ್ಕ ಎಂದು ಹಾಕಿಕೊಂಡು, ಬೇಕಾದ ವಾಕ್ಯಗಳನ್ನು ಅಲ್ಲಲ್ಲೇ ಹೊಸೆದುಕೊಂಡು, ಎಲ್ಲೂ ತಡವರಿಸದೆ ಓದಿದೆ. ಅವರ ಮುಖ ಅರಳಿತು. "ಆ ಹಸಿ ಬಣ್ಣದ ಮಾತು ಚೆನ್ನಾಗಿ ಬರ್ದಿದೀಯ. ಅದನ್ನ ಇನ್ನೊಂದ್ ಸಲ ಓದು."

ಇಲ್ಲದ ವಾಕ್ಯವನ್ನು ಇನ್ನೊಂದು ಸಲ ಓದುವುದು ಹೇಗೆ? ಬಾಯಿಗೆ ಬಂದದ್ದನ್ನು ಹೇಳಿದೆ. ಮೊದಲಿನದಕ್ಕೂ ಅದಕ್ಕೂ ತಾಳಮೇಳವಿರಲಿಲ್ಲ. ಅಕ್ಕ ಕೇಳಿದರು:

"ಅಚ್ಚಾದ ಪುಸ್ತಕ ಒಂದೊಂದ್ ಸಲ ಒಂದೊಂದ್ ಥರ ಇರುತ್ತೇನಪ್ಪಾ?"

"ಇಲ್ಲ ಅಕ್ಕಾ."

"ಹಾಗಾದ್ರೆ ಅದರಲ್ಲಿ ನಾನು ಎಲ್ಲಿದೀನಿ?"

ಕೃತಜ್ಞತೆಯ ಪುಟ ತೆಗೆದು, ಅದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಓದಿದೆ: "ಹೋದಾಗಲೆಲ್ಲ ಬಿಸಿ ಬಿಸಿ ಚಹಾ ಕೊಟ್ಟು ಉಪಚರಿಸಿದ ಮಾಸ್ತರರ ಸಹೋದರಿಗೆ ನಾನು ಋಣಿ."

ಅವರು ನಕ್ಕೇಬಿಟ್ಟರು. "ಚಹಾನಾ? ಚಹಾ ಮಾಡ್ತಿದ್ದಿದ್ದು ತಮ್ಮ ಅಲ್ವೇನೋ!"

ನಿಜ. ನಾನು ಅಲ್ಲಿ ಕುಡಿದ ಅಷ್ಟೂ ಚಹಾ ಮಾಸ್ತರರ ಕೈಯದು. ಅಕ್ಕನ ಆಕಾಶವನ್ನು ತಮ್ಮನಿಗೂ ತಮ್ಮನ ಚಹಾವನ್ನು ಅಕ್ಕನಿಗೂ ಬರೆದುಕೊಟ್ಟಿದ್ದೆ, ಅದೂ ಯಾರೂ ಹೇಳದೆ, ಹೆಂಗಸರೆಂದರೆ ಚಹಾ ಎಂದು ನನ್ನ ಕೈಯೇ ಬರೆದುಬಿಟ್ಟಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ಅವನಿದ್ದಿದ್ರೆ ನಿನ್ನ ಹತ್ರ ಜಗಳ ಆಡ್ತಿದ್ದ. ನನಗೆ ಆಗಲ್ಲಪ್ಪ. ಮೊದಲ್ನೇ ಸಲ ಓದಿದ್ಯಲ್ಲ, ಅದನ್ನೇ ಅಚ್ಚು ಹಾಕ್ಸು. ಆಮೇಲೆ ಬಂದು ಓದು" ಎಂದರು.

ಮಾನ್ಯರೇ, ಆದ್ದರಿಂದ ಕೇಳುತ್ತಿದ್ದೇನೆ. ಬಹುಮಾನ ಹಿಂದಕ್ಕೆ ತೆಗೆದುಕೊಳ್ಳಿ. ಕಿತ್ತ ಅಧ್ಯಾಯವನ್ನು ಸೇರಿಸಿ, ಮುಖಪುಟದಲ್ಲಿ ಅಕ್ಕ ತಮ್ಮ ಇಬ್ಬರ ಹೆಸರನ್ನೂ ಹಾಕಿ, ಪುಸ್ತಕವನ್ನು ಮತ್ತೆ ಅಚ್ಚು ಮಾಡಿಸಿ. ಒಬ್ಬ ಕಲಾವಿದನ ನಿಯಮವನ್ನು ಹರಿದು ಹಾಕಿ. ತಮ್ಮ ಕಚೇರಿಯಲ್ಲಿ ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಎಷ್ಟು ಕಾಲ ಬೇಕೆಂದು ನಾನು ಬಲ್ಲೆ. ಅಕ್ಕನಿಗೆ ಈಗ ಎಂಬತ್ತನಾಲ್ಕು. ಮೊನ್ನೆ ಪಕ್ಕದ ಮನೆಯವರ ಕೈಲಿ ಫೋನ್ ಮಾಡಿಸಿ, "ಅಚ್ಚಾಯ್ತೇನಪ್ಪಾ?" ಎಂದು ಕೇಳಿದರು. ಏನು ಹೇಳಲಿ ಎಂದು ತಾವೇ ತಿಳಿಸಬೇಕು.

ಇಂತಿ,
ಮುಖಪುಟದಲ್ಲಿ ಲೇಖಕನೆಂದು ಅಚ್ಚಾಗಿರುವ,
ಅಕ್ಕನ ಫೋನಿಗೆ ಇನ್ನೂ ಉತ್ತರ ಕೊಡದವನು