ನಾನು ಹೇಳಿದ ಸಾಕ್ಷಿ

ಮಾಳಮಡ್ಡಿ, ಧಾರವಾಡ
೧೪ ಸೆಪ್ಟೆಂಬರ್ ೨೦೦೮

ಪ್ರೀತಿಯ ಅವ್ವಾ,

ನಿನ್ನ ಪ್ರಭಾ ಮಾಡುವ ನಮಸ್ಕಾರ. ಫೋನಿನಲ್ಲಿ ಎರಡು ಸಲ ಈ ಮಾತು ತೆಗೆದೆ. ಎರಡೂ ಸಲ ನೀನು "ಎಮ್ಮಿ ಹಿಂಡೂದೈತಿ" ಅಂತ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನೀನೇ ಓದು, ತಮ್ಮ ಅಂಬರೀಷನ ಕೈಲಿ ಓದಿಸಬೇಡ.

ಎರಡು ವರ್ಷದಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಸೈಬರ್ ಕೆಫೆಗೆ ಹೋಗುವುದು ನಿನಗೆ ಗೊತ್ತು. "ಹುಡುಗರಿಗೆ ಕಲಿಸಾಕಿ ನೀ, ನಿನಗ್ಯಾಕ ಮತ್ತ ಪರೀಕ್ಷಾ?" ಅಂದಿದ್ದೆ. ನಾನು ಓದುತ್ತಿರುವುದು ಫೊರೆನ್ಸಿಕ್ ಸೈಕಾಲಜಿಯಲ್ಲಿ ಎಂ.ಎಸ್ಸಿ. ಅಪರಾಧ ಮಾಡಿದವರ, ಸಾಕ್ಷಿ ಹೇಳುವವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ಶಾಸ್ತ್ರ. ಪಾಠವೆಲ್ಲ ಪರದೇಶದ ವಿಶ್ವವಿದ್ಯಾಲಯವೊಂದರಿಂದ ಕಂಪ್ಯೂಟರಿಗೇ ಬರುತ್ತದೆ.

ಜುಲೈಯಲ್ಲಿ ಮಕ್ಕಳ ಸಾಕ್ಷಿಯ ಪಾಠ ಬಂತು. ದೊಡ್ಡವರು ಮತ್ತೆ ಮತ್ತೆ ಅದನ್ನೇ ಕೇಳಿದರೆ, ಪ್ರಶ್ನೆಯಲ್ಲೇ ಒಬ್ಬರ ಹೆಸರಿಟ್ಟು ಕೇಳಿದರೆ, ಮಗು ಕಾಣದ್ದನ್ನೂ ಕಂಡೆ ಅನ್ನುತ್ತದೆಯಂತೆ. ಕೊನೆಗೆ ಅದನ್ನೇ ನಂಬುತ್ತದೆಯಂತೆ. ಓದುತ್ತ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಹೊರಬಿದ್ದೆ. ಚಪ್ಪಲಿ ಒಳಗೇ ಬಿಟ್ಟದ್ದು ಕಾಲಿಗೆ ಕೆಸರು ಮೆತ್ತಿದಾಗಲೇ ತಿಳಿದದ್ದು.

ನಮ್ಮ ಬಣವೆ ಸುಟ್ಟ ಸಂಜೆ ನನಗೆ ಒಂಬತ್ತು ವರ್ಷ. ಹೊಗೆಯಾಚೆ ಯಾರೋ ಓಡಿದರು. ನೀನು ನನ್ನ ತೋಳು ಹಿಡಿದು, "ಬಾಜೂ ಹೊಲದ ಮೈಲಾರಪ್ಪ ಹೌದಲ್ಲ? ಬದುವಿನ ಸಿಟ್ಟಿಗೆ ಅವನ ಹಚ್ಯಾನ. ನೋಡಿಯಲ್ಲ?" ಅಂದೆ. ಪೊಲೀಸರು ಬರುವಷ್ಟರಲ್ಲಿ ಅದೆಷ್ಟು ಸಲ ಕೇಳಿದೆಯೋ. ನಾನೂ ನಂಬಿದೆ. ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಿದೆ. ಅವನು ಎರಡು ವರ್ಷ ಜೈಲಿನಲ್ಲಿದ್ದ.

ಹೋದ ಭಾನುವಾರ ಅವನನ್ನು ಹುಡುಕಿಕೊಂಡು ಲಕಮನಹಳ್ಳಿಗೆ ಹೋದೆ. ಅಲ್ಲೊಂದು ಕಾರ್ಖಾನೆಯ ಗೇಟು ಕಾಯುತ್ತಾನೆ. ನಾನು ಸುಳ್ಳ ಊರಿನ ಮುದಕವ್ವನ ಮಗಳು ಅಂದೊಡನೆ ಎದ್ದು ನಿಂತ. ಆಮೇಲೆ ತನ್ನ ಸ್ಟೂಲನ್ನೇ ನನಗೆ ಕೊಟ್ಟ.

"ಕಾಕಾ, ಆವತ್ತು ನಾ ನಿಮ್ಮನ್ನ ನೋಡಿರಲಿಲ್ರಿ," ಅಂದೆ.

"ಅದು ನನಗ ಗೊತ್ತೈತಲ್ಲವ್ವಾ," ಅಂದ. "ನಾ ಒಳಗಿದ್ದಾಗ ನಮ್ಮವ್ವ ಸತ್ಲು. ಮಣ್ಣಿಗೆ ಬರಾಕಾಗಲಿಲ್ಲ. ಸಣ್ಣ ಕೂಸಿನ ಮ್ಯಾಲ ಏನ್ ಸಿಟ್ಟು ಮಾಡೂದು? ಆದ್ರ ಊರಾಗ ಇನ್ನೂ ನಾ ಬೆಂಕಿ ಹಚ್ಚಿದಾವನ. ಈ ಮಾತು ಅಲ್ಲಿ ಬಂದು ಹೇಳ್ತೀಯೇನು?"

ಹೇಳ್ತೀನ್ರಿ ಅಂದುಬಿಟ್ಟೆ. ಆವತ್ತಿನಿಂದ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಹಾಜರಿ ಕರೆಯುವಾಗ ಒಂದೇ ಹೆಸರನ್ನು ಮೂರು ಸಲ ಕರೆದೆ, ಹುಡುಗರು ನಕ್ಕರು.

ಬರುವ ಭಾನುವಾರ ಅವನನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ಹಿರಿಯರೆದುರು ಹೇಳುವ ಮೊದಲು ನಿನಗೆ ತಿಳಿಯಲಿ ಎಂದು ಬರೆದೆ. ನಿನ್ನನ್ನು ದೂರುತ್ತಿಲ್ಲ ಅವ್ವಾ. ಮಗುವಿನ ಬಾಯಿಗೆ ಮಾತು ಹಾಕುತ್ತಿದ್ದೇವೆಂದು ಕೇಳುವವರಿಗೇ ತಿಳಿದಿರುವುದಿಲ್ಲ. ಮಗುವಿನ ತಪ್ಪೂ ಇಲ್ಲ ಅನ್ನುತ್ತದೆ ಪುಸ್ತಕ.

ನಿನ್ನ ಮಗಳು,
ಪ್ರಭಾವತಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ನಾನೂ ನಂಬಿದೆ ಎಂದು ಬರೆದದ್ದು ಖರೇ ಅಲ್ಲ. ಮುಖ ಕಂಡಿರಲಿಲ್ಲವೆಂಬುದು ಕಟಕಟೆಯಲ್ಲಿ ನಿಂತಾಗಲೂ ನನಗೆ ಗೊತ್ತಿತ್ತು. ಆ ಸಂಜೆ "ಹೂಂ, ಅವನ" ಅಂದದ್ದಕ್ಕೆ ನೀನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಮ್ಮ ಹುಟ್ಟಿದ ಮೇಲೆ ಅದೇ ಮೊದಲ ಸಲ. ಇಲ್ಲ ಅಂದರೆ ಇಳಿಸಿಬಿಡುತ್ತೀಯೆಂದು ಹೆದರಿದೆ. ಇದನ್ನು ಮೈಲಾರಪ್ಪನಿಗೆ ಇನ್ನೂ ಹೇಳಿಲ್ಲ.