ಭಾನುವಾರ ನೀರು ಬಿಟ್ಟ ಪಾಪಕ್ಕೆ

ಮಾನ್ಯ ಸಭಾಪಾಲಕರೇ,

ಕಳೆದ ಈಸ್ಟರ್ ಭಾನುವಾರ ತಾವು ಕರ್ತನ ಭೋಜನದ ಪವಿತ್ರ ರೊಟ್ಟಿಯನ್ನು ಎಲ್ಲರ ಕೈಗೂ ಕೊಟ್ಟು ನನ್ನ ಕೈಯನ್ನು ಮಾತ್ರ ದಾಟಿ ಹೋದಿರಿ. "ಸಬ್ಬತ್ ಮೀರುವ ಕೈಗೆ ಇದಿಲ್ಲ" ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದಿರಿ. ಉತ್ತರವನ್ನು ನಾನು ಈ ಬಹಿರಂಗ ಪತ್ರದಲ್ಲಿ ಇಡೀ ಊರಿಗೆ ಕೇಳುವಂತೆ ಕೊಡುತ್ತಿದ್ದೇನೆ.

ನನ್ನ ಪಾಪ ಏನೆಂದು ಓದುಗರಿಗೂ ತಿಳಿಯಲಿ. ಸಬ್ಬತ್ ಎಂದರೆ ಯಾವ ಕೆಲಸವನ್ನೂ ಮಾಡಬಾರದ ವಿಶ್ರಾಂತಿಯ ದಿನ, ತಮ್ಮ ಲೆಕ್ಕದಲ್ಲಿ ಭಾನುವಾರ. ತುಮಕೂರಿನ ನಮ್ಮ ವಾರ್ಡಿನಲ್ಲಿ ಹದಿನಾರು ವರ್ಷದಿಂದ ನಲ್ಲಿ ನೀರು ಬಿಡುವವನು ನಾನು. ಚರ್ಚಿನ ಬೀದಿಯ ಸರದಿ ಭಾನುವಾರ ಬೆಳಿಗ್ಗೆ. ಆರಕ್ಕೆ ವಾಲ್ವ್ ತಿರುಗಿಸಿ, ಎಂಟೂವರೆಗೆ ನಿಲ್ಲಿಸಿ, ಒದ್ದೆ ಪ್ಯಾಂಟಿನಲ್ಲೇ ಒಂಬತ್ತರ ಆರಾಧನೆಗೆ ಓಡಿಬರುತ್ತಿದ್ದೆ. ಆ ನೀರಿನಲ್ಲಿ ಮಿಂದು, ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು ಬರುತ್ತಿದ್ದವರು ತಾವು. ನೀರು ಪವಿತ್ರ, ಬಿಟ್ಟವನು ಅಪವಿತ್ರ ಎನ್ನುವುದು ಯಾವ ನ್ಯಾಯ?

ಈಸ್ಟರಿಗೆ ಎರಡು ವಾರ ಮುಂಚೆ, ಭಾನುವಾರವೇ, ತಾವು ಫೋನ್ ಮಾಡಿದ್ದು ನೆನಪಿದೆಯೇ? "ಜಯಪ್ರಕಾಶ, ಊಟಕ್ಕೆ ದೊಡ್ಡೋರು ಬರ್ತಾ ಇದಾರೆ, ಸಂಪು ತುಂಬಿಲ್ಲ, ಇನ್ನರ್ಧ ಗಂಟೆ ಬಿಡಪ್ಪ" ಅಂದಿರಿ. ಬಿಟ್ಟೆ. ಆರಾಧನೆಗೆ ತಡವಾಯಿತು. ತಡವಾಗಿ ಬಂದವನನ್ನು ಬೋಧನೆ ನಿಲ್ಲಿಸಿ ದುರುಗುಟ್ಟಿ ನೋಡಿದವರೂ ತಾವೇ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಶಾಸ್ತ್ರದ ಮಾತೇ ಆಡೋಣ. ಸಬ್ಬತ್ ಆಚರಿಸು ಎಂಬ ಆಜ್ಞೆ ಹೇಳುವ ಏಳನೆಯ ದಿನ ಶನಿವಾರ. ಭಾನುವಾರ ಕರ್ತನು ಸಮಾಧಿಯಿಂದ ಎದ್ದ ದಿನ. ಮೊದಲಿನ ವಿಶ್ವಾಸಿಗಳು ಅಂದು ಸೇರುತ್ತಿದ್ದುದು ಸಂತೋಷಕ್ಕೆ, ಹಾಜರಿ ಹಾಕುವುದಕ್ಕಲ್ಲ. ಸಬ್ಬತ್ ದಿನವೇ ರೋಗಿಗಳನ್ನು ಮುಟ್ಟಿ ಗುಣಪಡಿಸಿದವನು ಕರ್ತನು, ಅದನ್ನು ಕಂಡು ಹಲ್ಲು ಕಡಿದವರು ಶಾಸ್ತ್ರ ಬಲ್ಲ ದೊಡ್ಡವರು. ತಾವು ಯಾರ ಸಾಲಿನಲ್ಲಿ ನಿಂತಿದ್ದೀರಿ? ಅದೇ ಆಜ್ಞೆಯಲ್ಲಿ ಮನೆಯ ಆಳಿಗೂ ವಿಶ್ರಾಂತಿ ಕೊಡು ಎಂದಿದೆ. ಪ್ರತಿ ಭಾನುವಾರ ತಮ್ಮ ಬಂಗಲೆಯಲ್ಲಿ ಹನ್ನೆರಡು ಜನಕ್ಕೆ ಬೇಯಿಸುವ ತಿಪ್ಪಮ್ಮನಿಗೆ ಆ ಸಾಲನ್ನು ಯಾವತ್ತಾದರೂ ಓದಿ ಹೇಳಿದ್ದೀರಾ?

ಅಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದವಳು ನನ್ನ ತಾಯಿ ಚೆನ್ನಮ್ಮ. ಎಪ್ಪತ್ತೆಂಟು ವರ್ಷ. ರೊಟ್ಟಿ ಆಗಲೇ ಅವಳ ಅಂಗೈಯಲ್ಲಿತ್ತು. ಅದನ್ನು ತಟ್ಟೆಗೆ ವಾಪಸಿಟ್ಟು, "ನನ್ ಮಗನಿಗಿಲ್ದಿದ್ದು ನಂಗೂ ಬ್ಯಾಡ ಬುಡಿ ಅಯ್ನೋರೆ" ಅಂದಳು. ಮೇ ತಿಂಗಳಲ್ಲಿ ಹಾಸಿಗೆ ಹಿಡಿದಾಗ ಅವಳೇ ಕರ್ತನ ಭೋಜನ ಕೇಳಿದಳು. ಮನೆಗೆ ತನ್ನಿ ಎಂದು ತಮಗೆ ಹೇಳಿಕಳಿಸಿದೆ. ಮಗ ಮೊದಲು ಭಾನುವಾರದ ಕೆಲಸ ಬಿಡಲಿ, ಆಮೇಲೆ ನೋಡೋಣ ಎಂದಿರಿ. ಜೂನ್‌ನಲ್ಲಿ ಅವಳು ಹೋಗಿಬಿಟ್ಟಳು, ಕೇಳಿದ್ದು ಬಾಯಿಗೆ ತಾಗದೆ. ಗುಬ್ಬಿಯಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಕ್ಷಮಿಸಬೇಕೆಂದು ತಾವು ಬೋಧಿಸುತ್ತೀರಿ. ನಾನು ಕ್ಷಮಿಸಿಲ್ಲ.

ಈಗ ತಮ್ಮ ಮಾತು ಪಾಲಿಸಿದ್ದೇನೆ. ಅರ್ಜಿ ಕೊಟ್ಟು ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಂಡೆ. ಬೀದಿಯವರ ಗಂಟಲು ಒಣಗಿಸುವಷ್ಟು ನೀಚ ನಾನಲ್ಲ. ಅವರ ಸರದಿ ಇನ್ನು ಶನಿವಾರ. ಆಜ್ಞೆಯನ್ನು ಅಕ್ಷರಕ್ಕೆ ಅಕ್ಷರ ನಡೆಸುವ ತಾವು, ಆ ಏಳನೆಯ ದಿನ ನಲ್ಲಿಯ ಕೆಳಗೆ ಬಿಂದಿಗೆ ಇಡುತ್ತೀರೋ ಇಲ್ಲವೋ ಎಂದು ಬೀದಿಯೆಲ್ಲ ನೋಡುತ್ತದೆ.

ನನ್ನ ಬೇಡಿಕೆ ಒಂದೇ. ಮುಂದಿನ ಭೋಜನದ ದಿನ ಅದೇ ಜಾಗದಲ್ಲಿ ನಿಂತು, ಚೆನ್ನಮ್ಮನ ಹೆಸರು ಹೇಳಿ, ತಪ್ಪು ನನ್ನದು ಎನ್ನಿ. ಎನ್ನದಿದ್ದರೆ, ಪ್ರತಿ ಭೋಜನಕ್ಕೂ ನಾನು ಎಲ್ಲರಿಗಿಂತ ಮೊದಲು ಬಂದು, ಅಮ್ಮ ಮೊಣಕಾಲೂರಿದ್ದಲ್ಲೇ ಮೊಣಕಾಲೂರಿ ಕೈಚಾಚುತ್ತೇನೆ. ಪ್ರತಿ ಸಲವೂ ತಾವು ರೊಟ್ಟಿ ಕೊಡಬೇಕು, ಇಲ್ಲವೇ ಇಡೀ ಸಭೆಯ ಎದುರು ನನ್ನನ್ನು ದಾಟಬೇಕಾಗುತ್ತದೆ. ಈಗ ಭಾನುವಾರ ನನಗೆ ಕೆಲಸವಿಲ್ಲ, ಕೈ ಒಣಗಿಯೇ ಇರುತ್ತದೆ. ಯಾವ ಕಾರಣ ಹೇಳಿ ದಾಟುತ್ತೀರಿ?

ಇಂತಿ,
ತಾಯಿಯನ್ನು ಕಳೆದುಕೊಂಡ ಮೇಲೆ ಸಬ್ಬತ್ ಕಲಿತ
ಜಯಪ್ರಕಾಶ್,
ನೀರು ಬಿಡುವವನು, ಭಾನುವಾರ ಹೊರತು