ಅಕ್ಕಡಿ ಸಾಲಿಗೆ ಔಷಧ ಹೊಡೆಯುವ ಮುನ್ನ ನನ್ನನ್ನು ಕೇಳಬೇಕಿತ್ತು

ಮಾನ್ಯ ಯೋಜನಾಧಿಕಾರಿಗಳೇ,

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಕೃಷಿ, ಪೋಷಣೆ, ಮಹಿಳಾ ಸಬಲೀಕರಣ ಮೂರನ್ನೂ ಒಂದಕ್ಕೊಂದು ಜೋಡಿಸುವ ಭಾರ ಹೊತ್ತಿದ್ದೀರಿ. ಹೋದ ಮುಂಗಾರಿನಲ್ಲಿ ತಮ್ಮ ಯೋಜನೆಯ ಸಿಬ್ಬಂದಿ ಪ್ರಾತ್ಯಕ್ಷಿಕೆಗೆಂದು ಆರಿಸಿದ ನಮ್ಮ ಹೊಲಕ್ಕೆ ಕಳೆನಾಶಕ ಹೊಡೆದು ನನ್ನ ಅಕ್ಕಡಿ ಸಾಲುಗಳನ್ನು ಒಂದೂ ಬಿಡದೆ ಸುಟ್ಟರು. ಏಳು ತಿಂಗಳ ನಂತರ ಅದೇ ಯೋಜನೆ ನನ್ನ ಕೈಗೊಂದು ತರಕಾರಿ ಬುಟ್ಟಿ ಕೊಟ್ಟು, ಫೋಟೋ ತೆಗೆದು, 'ಸಬಲ ಮಹಿಳೆ' ಎಂದು ಭಿತ್ತಿಪತ್ರ ಅಚ್ಚು ಹಾಕಿಸಿತು. ಮೊದಲನೆಯ ಕೆಲಸಕ್ಕೆ ಯಾರೂ ನನ್ನನ್ನು ಕೇಳಲಿಲ್ಲ. ಎರಡನೆಯದಕ್ಕೆ ಕೇಳಿದರು, ಸ್ವಲ್ಪ ನಗಿ ಎಂದು.

ನಾನು ಹಿರೇಕೆರೂರು ತಾಲೂಕಿನ ಹಂಸಭಾವಿ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಓಣಿಯ ಅರ್ಜಿಗಳನ್ನೆಲ್ಲ ಬರೆದುಕೊಡುವವಳು ನಾನೇ ಆದ್ದರಿಂದ ಕಚೇರಿಯ ಭಾಷೆ ನನಗೆ ಹೊಸದಲ್ಲ. ಹೊಲದ ಭಾಷೆ ತಮಗೆ ಹೊಸದಿರಬಹುದು, ಹಾಗಾಗಿ ಅಕ್ಕಡಿ ಎಂದರೇನೆಂದು ಹೇಳಿಬಿಡುತ್ತೇನೆ. ಗೋವಿನಜೋಳವೋ ಬಿಳಿಜೋಳವೋ, ಮುಖ್ಯ ಬೆಳೆ ಎಂಟು ಸಾಲಾದ ಮೇಲೆ ಒಂದು ಸಾಲು ಬೇರೆ ಬೀಜ ಬೀಳುತ್ತದೆ. ತೊಗರಿ, ಅಲಸಂದಿ, ಹೆಸರು, ಮಡಕಿ, ನಡುನಡುವೆ ಪುಂಡಿ ಸೊಪ್ಪು. ಗಂಡಸರು ಎತ್ತು ಹೊಡೆಯಲಿ, ಟ್ರ್ಯಾಕ್ಟರು ಓಡಿಸಲಿ, ಈ ಒಂದು ಸಾಲಿಗೆ ಬೀಜ ಬಿಡುವವಳು ಮನೆಯ ಹೆಂಗಸು. ಯಾವ ಬೀಜ, ಎಷ್ಟು, ಎಲ್ಲಿ ಎಂಬುದು ಅವಳಿಗೆ ಬಿಟ್ಟದ್ದು. ಬೆಳೆದದ್ದನ್ನು ಅವಳು ಬೇಯಿಸಬಹುದು, ಮಗಳ ಮನೆಗೆ ಕಳಿಸಬಹುದು, ಬೇಡಿ ಬಂದ ಬಾಣಂತಿಯ ಉಡಿಗೆ ಹಾಕಬಹುದು. ಯಾಕೆ ಕೊಟ್ಟೆ ಎಂದು ಕೇಳುವ ಗಂಡ ನಮ್ಮೂರಲ್ಲಿಲ್ಲ. ಕೇಳಿದರೆ ಅವನನ್ನು ಓಣಿಯೇ ಆಡಿಕೊಳ್ಳುತ್ತದೆ. ತಾವು ಯಾವುದನ್ನು ಹೊಸದಾಗಿ ಜೋಡಿಸಲು ಬಂದಿದ್ದೀರೋ ಅದು ನಮ್ಮ ಅತ್ತೆಯ ಅತ್ತೆಯ ಕಾಲದಿಂದ ಜೋಡಿಸಿಯೇ ಇತ್ತು ಸ್ವಾಮಿ. ಅದಕ್ಕೊಂದು ಹೆಸರಿನ ಫಲಕ ಮಾತ್ರ ಇರಲಿಲ್ಲ.

ಔಷಧ ಹೊಡೆದ ದಿನ ನಾನೆಲ್ಲಿದ್ದೆ ಗೊತ್ತೇ? ತಮ್ಮದೇ ತರಬೇತಿಯಲ್ಲಿ! ಅಂಗನವಾಡಿಯಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ದ್ವಿದಳ ಧಾನ್ಯ ಮತ್ತು ಹಸಿರು ಸೊಪ್ಪು ತಿನ್ನಬೇಕು, ಸಾಧ್ಯವಾದರೆ ನಾವೇ ಬೆಳೆಯಬೇಕು ಎಂದು ಒಬ್ಬ ಮೇಡಂ ತಿಳಿಸಿ ಹೇಳಿದರು. ಒಳ್ಳೆಯ ಮಾತೇ. ಕೈ ಎತ್ತಿ, ನಾವು ಬೆಳೀತೇವ್ರಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದರೆ ತಮ್ಮ ಹುಡುಗರು ಪಂಪು ತೊಳೆಯುತ್ತಿದ್ದರು, ಗಾಳಿಯಲ್ಲೆಲ್ಲ ಔಷಧದ ನಾತ. ಮೂರನೆಯ ದಿನಕ್ಕೆ ಗೋವಿನಜೋಳ ಹಸಿರಾಗಿಯೇ ನಿಂತಿತ್ತು. ನನ್ನ ಸಾಲುಗಳು ಹಳದಿ ತಿರುಗಿ ಮುದುಡಿಕೊಂಡಿದ್ದವು. ಬದುವಿನ ಮೇಲೆ ಕುಂತು ಅತ್ತೆ. ನಾಚಿಕೆ ಯಾಕೆ, ಅತ್ತೆ ಎಂದೇ ಬರೆಯುತ್ತೇನೆ.

ನನ್ನ ಗಂಡ ಫಕ್ಕೀರಪ್ಪ ಕೆಟ್ಟ ಮನುಷ್ಯನಲ್ಲ. ಆದರೂ ಅವತ್ತು ಸಿಟ್ಟಿನಲ್ಲಿ ಅವರ ಮೇಲೇ ಹರಿಹಾಯ್ದೆ.

"ಇವರ ಒಪ್ಪಿಗಿ ಕಾಗದಕ್ಕ ಸಹಿ ನೀವ ಮಾಡೀರೇನ್ರಿ?"

"ಮಾಡೇನಿ. ಹೊಲಕ್ಕ ಮಾಡೇನಿ."

"ಹಂಗಾರ ನನ್ನ ಅಕ್ಕಡಿ?"

"ಅಕ್ಕಡಿ ನಂದಲ್ಲಲ್ಲ! ನಂದಲ್ಲದ್ದಕ್ಕ ನಾ ಹ್ಯಾಂಗ ಸಹಿ ಮಾಡ್ಲಿ? ಆ ಸಾಲ ಬಿಟ್ಟು ಹೊಡೀತಾರಂತ ತಿಳಕೊಂಡಿದ್ನೆವಾ."

ನಾಲ್ಕನೆಯ ತರಗತಿ ಓದಿದ ಆ ಮನುಷ್ಯ, ಹೆಂಡತಿಯ ಸಾಲು ತನ್ನ ಸಹಿಯೊಳಗೆ ಬರುವುದೇ ಇಲ್ಲ ಎಂದು ನಂಬಿ ಸಹಿ ಮಾಡಿದ್ದ. ತಪ್ಪು ತಪ್ಪೇ, ಓದಿಸಿಕೊಳ್ಳಬೇಕಿತ್ತು. ಆದರೆ ತಮ್ಮ ಕಡತಕ್ಕಿಂತ ನನ್ನ ಗಂಡನ ತಪ್ಪು ತಿಳಿವಳಿಕೆಯಲ್ಲೇ ನನಗೆ ಹೆಚ್ಚು ಮರ್ಯಾದೆ ಇತ್ತು, ಇದಕ್ಕೇನು ಹೇಳುತ್ತೀರಿ?

ಆಮೇಲಿನದು ಅಡುಗೆಮನೆಯ ಕಥೆ. ತಮಗೆ ಬೇಸರವಾದರೂ ಓದಿ, ಪೋಷಣೆ ಎಂಬುದು ಅಲ್ಲೇ ನಡೆಯುವುದು. ಆಗ ಸೊಸೆ ಶೈಲಾ ಬಸುರಿ. ಪ್ರತಿ ವರ್ಷ ಭಾದ್ರಪದದ ಹೊತ್ತಿಗೆ ನಮ್ಮ ಮನೆಯಲ್ಲಿ ಹಸಿ ಅಲಸಂದಿ, ಹೆಸರುಕಾಳು ಪಲ್ಲೆ, ಪುಂಡಿಪಲ್ಲೆ ಸರದಿಯ ಮೇಲೆ ಇರುತ್ತಿದ್ದವು. ಹೋದ ವರ್ಷ ರೊಟ್ಟಿ ಇತ್ತು, ಕೆಂಪುಚಟ್ನಿ ಇತ್ತು. ಕಾಳು ಬೇಕೆಂದರೆ ಸಂತೆಗೆ ಹೋಗುವ ಗಂಡಸರಿಗೆ ಹೇಳಬೇಕು, ಅವರಿಗೆ ನೆನಪಿರಬೇಕು. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ, "ಒಂದೀಟು ಬ್ಯಾಳಿ ತರ್ತೀರೇನ್ರಿ" ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಅವರು ತಂದರು, ಇಲ್ಲವೆನ್ನಲಿಲ್ಲ. ಆದರೆ ಕೇಳಿ ತಿನ್ನುವುದಕ್ಕೂ ಕೇಳದೆ ತಿನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ನನಗೆ ಗೊತ್ತು. ಹೊಸದಾಗಿ ಬಂದ ಸೊಸೆಯಂತೂ ಕೇಳುವವಳೇ ಅಲ್ಲ.

ತಪಾಸಣೆಗೆ ಹೋದಾಗ ಅವಳ ರಕ್ತ ಎಂಟಕ್ಕಿಂತ ಕೆಳಗಿತ್ತು. ನರ್ಸಬಾಯಿ, "ಕಾಳುಪಲ್ಲೆ ತಿನ್ನಾಕತ್ತಿ ಇಲ್ಲೋ?" ಎಂದು ಗದರಿದರು. "ತಿನ್ನಾಕತ್ತೇನ್ರಿ ಅಕ್ಕಾರ" ಎಂದಳು ಶೈಲಾ, ನೆಲ ನೋಡುತ್ತ. ನಮ್ಮ ಮನೆಯ ಮಾನ ಉಳಿಸಲು ಆ ಹುಡುಗಿ ಸುಳ್ಳು ಹೇಳಿದಳು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಪುಷ್ಯ ಮಾಸದಲ್ಲಿ ಹೆಣ್ಣುಮಗು ಹುಟ್ಟಿತು, ಎರಡು ಕಿಲೋ ಚಿಲ್ಲರೆ. ಎಲ್ಲವೂ ತಮ್ಮ ಔಷಧದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ನಾನೇನು ಡಾಕ್ಟರಲ್ಲ. ಆದರೆ ಆ ಐದು ತಿಂಗಳು ಅವಳ ತಾಟಿನಲ್ಲಿ ಏನಿರಲಿಲ್ಲ, ಯಾಕಿರಲಿಲ್ಲ ಎಂಬುದು ಬಡಿಸುವ ನನಗೆ ಗೊತ್ತಿಲ್ಲವೇ?

ಇಷ್ಟಾದ ಮೇಲೆ ಶಿಗ್ಗಾಂವದಲ್ಲಿ ತಮ್ಮ ಸಮಾವೇಶ. ನಾಲ್ಕು ತಾಲೂಕಿನಿಂದ ನಾಲ್ವರು 'ಮಾದರಿ' ಹೆಂಗಸರನ್ನು ಕರೆಸಿದ್ದಿರಿ. ನನ್ನನ್ನು ಯಾಕೆ ಆರಿಸಿದರೋ, ಬಹುಶಃ ಅಂಗನವಾಡಿಯಲ್ಲಿ ಕೈ ಎತ್ತಿದ ತಪ್ಪಿಗೆ. ವೇದಿಕೆಯ ಹಿಂದೆ ನನಗೊಂದು ಬುಟ್ಟಿ ಕೊಟ್ಟರು. ಗಜ್ಜರಿ, ಹೂಕೋಸು, ಕೆಂಪು ಎಲೆಕೋಸು. ನಮ್ಮ ಒಣಬೇಸಾಯದ ಹೊಲದಲ್ಲಿ ಕೆಂಪು ಎಲೆಕೋಸು! ಒಂದು ಫೋಟೋ ಆದ ಮೇಲೆ ಅದನ್ನು ಕೆಳಗಿಡಲು ಹೋದೆ. ಹಿಂದೆ ನಿಂತಿದ್ದ ಸವಣೂರಿನ ತಹಮೀನಾ ಪಿಸುಗುಟ್ಟಿದಳು, "ಅಕ್ಕಾ, ಇಡಬ್ಯಾಡ್ರಿ, ಹಿಂಗ ಕೊಡ್ರಿ. ಅದ ಬುಟ್ಟಿ ನನಗೂ ಐತಿ, ನನ್ನ ಹಿಂದ ಹಾನಗಲ್ಲದವ್ರಿಗೂ ಐತಿ." ನಾಲ್ಕು ತಾಲೂಕಿನ ಸಬಲೀಕರಣ ಒಂದೇ ಬುಟ್ಟಿಯಲ್ಲಿ ಮುಗಿಯಿತು. ನಕ್ಕು ನಕ್ಕು ಸಾಕಾಯಿತು ನಮಗೆ. ಅಷ್ಟರಲ್ಲಿ ಇನ್ನೊಂದು ಫೋಟೋ ತೆಗೆದರು, ಅದೇ ನಗು ತಮ್ಮ ಭಿತ್ತಿಪತ್ರದಲ್ಲಿದೆ, 'ತಾನೇ ಬೆಳೆದ ತರಕಾರಿಯೊಂದಿಗೆ' ಎಂಬ ಸಾಲಿನ ಕೆಳಗೆ.

ಊಟದ ಹೊತ್ತಿಗೆ ನಾನು ತಮ್ಮನ್ನೇ ಹಿಡಿದು ಕೇಳಿದೆ, ನೆನಪಿದೆಯೇ? ತಾವು ಬಹಳ ಸಮಾಧಾನದಿಂದ ಹೇಳಿದಿರಿ: "ಅಮ್ಮಾ, ಪ್ರಾತ್ಯಕ್ಷಿಕೆ ತಾಕಿನಲ್ಲಿ ಒಂದೇ ಬೆಳೆ ಇರಬೇಕು. ಉಳಿದದ್ದೆಲ್ಲ ಕಳೆ ಎಂದೇ ಲೆಕ್ಕ. ರೈತರ ಒಪ್ಪಿಗೆ ಪಡೆದಿದ್ದೇವೆ." ರೈತರು ಅಂದರೆ ಯಾರು ಸರ್ ಎಂದೆ. "ಪಹಣಿಯಲ್ಲಿ ಹೆಸರಿರುವವರು" ಎಂದು ಹೇಳಿ ತಾವು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿರಿ.

ಸರಿ. ಪಹಣಿ ತಿದ್ದಿಸಿ ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ಇನ್ನೊಂದು ಜನ್ಮ ಬೇಕು. ತಮ್ಮ ಒಪ್ಪಿಗೆ ಪತ್ರದಲ್ಲಿ ಒಂದು ಗೆರೆ ಕೂಡಿಸಿ ಎನ್ನುತ್ತೇನೆ: ಈ ಹೊಲದಲ್ಲಿ ಅಕ್ಕಡಿ ಇದೆಯೇ, ಬಿತ್ತಿದವಳು ಯಾರು, ಅವಳ ಸಹಿ. ಆ ಸಹಿ ಇಲ್ಲದ ಹೊಲಕ್ಕೆ ಪಂಪು ಇಳಿಯಕೂಡದು. ಕಾಳುಕಡಿಯನ್ನು ಕಳೆ ಎಂದು ಬರೆಯುವುದನ್ನು ಇವತ್ತೇ ನಿಲ್ಲಿಸಿ. ತಮ್ಮಿಂದ ಹೊಸ ಬೀಜದ ಪೊಟ್ಟಣವೂ ಬೇಡ. ನನ್ನ ಬೀಜ ಸಾಲುಗಳ ಜೊತೆಗೇ ಹೋಯಿತು, ನಿಜ. ಆದರೆ ತಮ್ಮ ಯೋಜನೆಗೆ ಸೇರಲೊಲ್ಲೆ ಎಂದಿದ್ದ ಓಣಿಯ ಸಿದ್ದವ್ವ ತನ್ನ ಗಡಿಗೆಯಿಂದ ಎರಡು ಬೊಗಸೆ ಕೊಟ್ಟಿದ್ದಾಳೆ. ಶೈಲಾ ಈಗ ಹಾಲುಣಿಸುವ ತಾಯಿ. ಈ ಮುಂಗಾರಿಗೆ ನಾನು ಬಿತ್ತುತ್ತೇನೆ, ಅವಳು ಯಾರನ್ನೂ ಕೇಳದೆ ಹರಿದುಕೊಂಡು ತಿನ್ನುತ್ತಾಳೆ.

ಇನ್ನೊಂದು ವಿಷಯ. ನಮ್ಮ ಹೊಲ ಎರಡನೆಯ ವರ್ಷಕ್ಕೂ ಆಯ್ಕೆಯಾಗಿದೆ ಎಂದು ತಮ್ಮ ಕಚೇರಿಯ ಪತ್ರ ಬಂದು ಎಂಟು ದಿನವಾಯಿತು. ಫಕ್ಕೀರಪ್ಪನವರು ಸಹಿ ಮಾಡಿಲ್ಲ. ಸಹಿಯ ಜಾಗದಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದಿದ್ದಾರೆ: "ಹೊಲ ನಂದು. ಸಾಲು ಅಕೀವು. ಅಕೀನ್ನ ಕೇಳ್ರಿ." ಆ ಪತ್ರವನ್ನೇ ಇದಕ್ಕೆ ಲಗತ್ತಿಸಿದ್ದೇನೆ. ಕೇಳಲು ಹಂಸಭಾವಿಯವರೆಗೆ ಜೀಪು ತರುವ ತೊಂದರೆ ತಮಗೆ ಬೇಡ, ಉತ್ತರವನ್ನು ಇಲ್ಲೇ ಬರೆದುಕೊಡುತ್ತೇನೆ. ನನ್ನ ಒಪ್ಪಿಗೆ ಇಲ್ಲ.

ಇಂತಿ,
ಎಲ್ಲ ಕಾಗದಗಳಲ್ಲೂ ಇನ್ನೂ ಯಾರದೋ ಹೆಂಡತಿಯಾಗಿಯೇ ಉಳಿದಿರುವ,
ಸುಶೀಲವ್ವ